ತೇಗದ ಕುಲ ಕೇಳಿದವರು

ಕಾಡಿನ ಚರಿತ್ರೆಯಲ್ಲಿ ರಾಜ ಬೇಟೆಯಾಡುತ್ತಾನೆ, ದೊರೆ ಕಾನೂನು ಮಾಡುತ್ತಾನೆ, ಸಾಹೇಬ ಗಿಡ ನೆಡುತ್ತಾನೆ. ಗುಂಡಿ ತೋಡಿದವರು ಎಲ್ಲೂ ಬರುವುದಿಲ್ಲ. ಅವರು ಯಾರು ಅಂತ ಸ್ಕೂಲಿನ ಪುಸ್ತಕ ಕೇಳುವುದಿಲ್ಲ; ನಾವು ಕೇಳಬೇಕು. ಈ ಬರಹ ತೇಗದ ಬಗ್ಗೆ. ತೇಗವನ್ನು ಸಾಲು ಹಿಡಿದು ಬೆಳೆಸಿ, ಆಮೇಲೆ ಅದರ ತಳಿಯನ್ನೇ ಸುಧಾರಿಸಬೇಕೆಂದು ಸರ್ಕಾರಗಳು ಎಬ್ಬಿಸಿದ ಪರೀಕ್ಷಾ ಕಾಡುಗಳ ಬಗ್ಗೆ. ಈ ಕಾಡುಗಳ ಕತೆ ಅರಣ್ಯ ಇಲಾಖೆಯವರಿಗೆ ಮಾತ್ರ ಸಂಬಂಧಪಟ್ಟದ್ದು ಅಂತ ಬಿಟ್ಟುಬಿಡಬಾರದು. ‘ಬೀಜದಂತೆ ವೃಕ್ಷ’ ಅಂತ ಊರ ಜಗಲಿ ಮೇಲೆ ಕೂತು ನಮ್ಮ ಮಕ್ಕಳ ಮುಖ ನೋಡಿ ಹೇಳುವವರಿದ್ದಾರಲ್ಲ, ಅವರಿಗೆ ಕೊಡಬೇಕಾದ ಉತ್ತರ ಈ ಕಾಡುಗಳಲ್ಲಿದೆ.

ಮೊದಲು ತೇಗ ಯಾಕೆ ಬೇಕಾಯಿತು ನೋಡೋಣ. ನೆಪೋಲಿಯನ್ ಜೊತೆಗಿನ ಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಓಕ್ ಮರ ಸಾಲದೇ ಹೋಗಿತ್ತು. ಓಕಿನ ಬದಲು ಹಡಗಿಗೆ ಆಗುವ ಮರ ತೇಗ. ನೀರಿಗೆ ಕೊಳೆಯದು, ಗೆದ್ದಲು ಬೇಗ ಹತ್ತದು. 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಮಲಬಾರಿನ ಅರಣ್ಯ ಸಂರಕ್ಷಕ ಅಂತ ನೇಮಿಸಿತು. ‘ಸಂರಕ್ಷಣೆ’ ಅಂದರೆ ತೇಗವೆಲ್ಲ ಕಂಪನಿಯದು, ಬೇರೆ ಯಾರೂ ಮುಟ್ಟಬಾರದು ಅಂತ. 1817ರಲ್ಲಿ ಮುಂಬಯಿ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಊರಲ್ಲಿ ನೀರ ಮೇಲೆ ನಿಂತಿದೆ. ಹಡಗು ಉಳಿಯಿತು, ಕಾಡು ಉಳಿಯಲಿಲ್ಲ. ಕೆಲವೇ ದಶಕಗಳಲ್ಲಿ ಹೊಳೆದಂಡೆಯ ದೊಡ್ಡ ತೇಗವೆಲ್ಲ ಖಾಲಿಯಾಯಿತು.

ಕಡಿದು ಮುಗಿದ ಮೇಲೆ ನೆಡುವ ಯೋಚನೆ ಬಂತು. ಮಲಬಾರಿನ ಕಲೆಕ್ಟರ್ ಕನೋಲಿ 1840ರ ದಶಕದ ಮೊದಲಲ್ಲಿ ನೀಲಂಬೂರಿನಲ್ಲಿ, ಅಲ್ಲಿನ ಜಮೀನ್ದಾರರಿಂದ ನೆಲ ಗೇಣಿಗೆ ಹಿಡಿದು ತೇಗದ ತೋಪು ಶುರು ಮಾಡಿದ. ಬೀಜ ಮೊಳೆಯಲಿಲ್ಲ. ತೇಗದ ಕಾಯಿ ಗಟ್ಟಿ ಸಿಪ್ಪೆಯದು. ಏನೇನೋ ಉಪಾಯ ಮಾಡಿ ಸೋತರು. ಕಡೆಗೆ ಬೀಜ ನೆನೆಸಿ, ಮಳೆ ಹಿಡಿಯುವ ಮುಂಚೆ ಮಡಿಯಲ್ಲಿ ಹಾಕಿ, ಮಳೆ ಬಿದ್ದ ಮೇಲೆ ಸಸಿ ಕಿತ್ತು ನೆಡುವ ಕ್ರಮ ಕೈಹಿಡಿಯಿತು. ಈ ಕೆಲಸ ನಡೆಸಿದವನು ಚಾತು ಮೆನನ್ ಎಂಬ ಸ್ಥಳೀಯ ಅಧಿಕಾರಿ. 1862ರ ತನಕ ಅವನೇ ನೋಡಿಕೊಂಡ. 1846ರಲ್ಲಿ ನೆಟ್ಟ ಒಂದು ತುಂಡು ಕಾಡು ‘ಕನೋಲಿ ಪ್ಲಾಟ್’ ಎಂಬ ಹೆಸರಲ್ಲಿ ಈಗಲೂ ಇದೆ. 1995ರಲ್ಲಿ ಅದೇ ಊರಲ್ಲಿ ತೇಗಕ್ಕೆ ಅಂತಲೇ ಒಂದು ಮ್ಯೂಸಿಯಂ ಆಯಿತು.

ಹತ್ತು ಲಕ್ಷಕ್ಕೂ ಮೀರಿ ಸಸಿ ನೆಟ್ಟ ಕೆಲಸಕ್ಕೆ ಚರಿತ್ರೆ ಎರಡೇ ಹೆಸರು ಹೇಳುತ್ತದೆ. ಒಂದು ಸಾಹೇಬನದು, ಒಂದು ಮೆನನ್‌ನದು. ಆ ವರ್ಷಗಳು ಎಂಥವು ಅಂತ ನೆನಪಿರಲಿ. ಕಂಪನಿ ರಾಜ್ಯದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲವೆಂದು ಹೇಳಿದ ಕಾಯಿದೆ ಬಂದದ್ದು 1843ರಲ್ಲಿ. ಅಲ್ಲಿತನಕ ಮಲಬಾರಿನಲ್ಲಿ ಚೆರುಮರನ್ನು, ಪಣಿಯರನ್ನು ಗದ್ದೆಯ ಜೊತೆ ಮಾರುತ್ತಿದ್ದರು, ಅಡವಿಡುತ್ತಿದ್ದರು. ಕಾಯಿದೆ ಬಂದ ಮೇಲೂ ಜೀತ ನಿಲ್ಲಲಿಲ್ಲ. ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಒಂದು ವರ್ಷದ ಜೀತಕ್ಕೆ ಪಣಿಯರನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ 20ನೇ ಶತಮಾನದಲ್ಲೂ ನಡೆಯಿತು. ಮರಕ್ಕೆ ಒಂದು ಗುಂಡಿ, ಗುಂಡಿಗೊಂದು ಸಸಿ ಅಂತ ಲೆಕ್ಕವಿಟ್ಟ ನಾಡಿನಲ್ಲಿ ದುಡಿಯುವ ಮನುಷ್ಯ ಮಾತ್ರ ಗದ್ದೆಯ ಲೆಕ್ಕದಲ್ಲಿ ಸೇರಿಹೋಗಿದ್ದ.

ಬರ್ಮಾದಲ್ಲಿ ಇದೇ ಕೆಲಸ ಇನ್ನೂ ಅಗ್ಗವಾಗಿ ನಡೆಯಿತು. 1856ರಲ್ಲಿ ಪೆಗು ಕಾಡುಗಳ ಮೇಲ್ವಿಚಾರಣೆಗೆ ಬಂದ ಜರ್ಮನ್ ವಿಜ್ಞಾನಿ ಬ್ರಾಂಡಿಸ್, ಬೆಟ್ಟದಲ್ಲಿ ಕಾಡು ಸವರಿ ಸುಟ್ಟು ಬೆಳೆ ತೆಗೆಯುತ್ತಿದ್ದ ಕರೆನ್ ಜನರನ್ನು ನೋಡಿದ. ಅವರ ಹೊಲಕ್ಕೆ ಬರ್ಮೀ ಮಾತಿನಲ್ಲಿ ಟೌಂಗ್ಯಾ, ಅಂದರೆ ಬೆಟ್ಟದ ಹೊಲ. ಒಂದೆರಡು ವರ್ಷ ಭತ್ತ ಬೆಳೆದುಕೊಳ್ಳಿ, ಸಾಲಿನ ನಡುವೆ ನಮ್ಮ ತೇಗ ನೆಟ್ಟು ಕಳೆ ತೆಗೆಯಿರಿ, ಗಿಡ ಎದ್ದ ಮೇಲೆ ಮುಂದಿನ ಗುಡ್ಡಕ್ಕೆ ನಡೆಯಿರಿ: ಒಪ್ಪಂದ ಇಷ್ಟೇ. ಬೆಳೆ ಕರೆನ್‌ನದು, ಮರ ಮತ್ತು ನೆಲ ಸರ್ಕಾರದ್ದು. ಈ ಪದ್ಧತಿ ಬಂಗಾಳಕ್ಕೆ, ಮದ್ರಾಸಿಗೆ, ಆಫ್ರಿಕಾಕ್ಕೂ ಹರಡಿತು.

ನಮ್ಮ ಕಡೆ ಇದೇ ಬೇಸಾಯಕ್ಕೆ ಕುಮರಿ ಅಂತ ಹೆಸರು. ಕುಮರಿಯವರು ಕಾಡು ಹಾಳುಮಾಡುವವರು ಅಂತ ಸರ್ಕಾರ ಅದನ್ನು ಹತ್ತಿಕ್ಕಿತು. ಕಾಡು ಸುಟ್ಟು ರಾಗಿ ಚೆಲ್ಲಿದರೆ ಅಪರಾಧ. ಅದೇ ಬೂದಿಯಲ್ಲಿ ಸರ್ಕಾರದ ತೇಗ ಎದ್ದರೆ ವಿಜ್ಞಾನ! ಕೊಡಗು, ಮೈಸೂರು ಗಡಿಯ ನಾಗರಹೊಳೆ ಕಾಡಿನಲ್ಲಿ 19ನೇ ಶತಮಾನದ ಕೊನೆಯ ದಶಕಗಳಿಂದ ತೇಗದ ತೋಪು ಎದ್ದವು. ಅವನ್ನು ಎಬ್ಬಿಸಿದ ಕೈಗಳು ಜೇನುಕುರುಬರವು, ಬೆಟ್ಟಕುರುಬರವು, ಯರವರವು.

ತೋಪುಗಳು ಬೆಳೆದವು. ಆಗ ಅಧಿಕಾರಿಗಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಒಂದು ತೋಪಿನ ಮರ ಬಾಣದ ಹಾಗೆ ನೆಟ್ಟಗೆ. ಇನ್ನೊಂದರದು ಸೊಟ್ಟ, ಆಳೆತ್ತರಕ್ಕೇ ಕವಲು. ಯಾಕೆ? ನೆಲದ ದೋಷವೋ, ಬೀಜದ ದೋಷವೋ? ಬೀಜ ಆರಿಸುವುದರಲ್ಲೇ ಒಂದು ಎಡವಟ್ಟಿತ್ತು. ಬೀಜಕ್ಕೆ ತೂಕದ ಲೆಕ್ಕದಲ್ಲಿ ದುಡ್ಡು. ಬಯಲಲ್ಲಿ ಕೊಂಬೆ ಹರಡಿ ನಿಂತ ಗಿಡ್ಡ ಮರದ ಕೆಳಗೆ ಬೀಜ ರಾಶಿ ಬೀಳುತ್ತೆ. ಎತ್ತರದ ಒಳ್ಳೇ ಮರ ಕಡಿದು ಮಾರಿಯಾಗಿರುತ್ತೆ. ಹಾಗಾಗಿ ಸೊಟ್ಟ ಮರದ ಬೀಜವೇ ಮುಂದಿನ ತೋಪಿಗೆ ಹೋಗುವ ಸಂಭವ ಹೆಚ್ಚು. ತೇಗದ ಇನ್ನೊಂದು ಗುಣ: ಅದರ ಹೂ ಬರುವುದು ಕುಡಿಯ ತುದಿಯಲ್ಲಿ. ಮೊದಲ ಸಲ ಹೂ ಬಿಟ್ಟ ಕಡೆ ಕಾಂಡ ಕವಲೊಡೆಯುತ್ತದೆ. ಬೇಗ ಹೂ ಬಿಟ್ಟ ಮರ ಬೇಗ ಕವಲು, ತಡವಾಗಿ ಬಿಟ್ಟದ್ದಕ್ಕೆ ಉದ್ದನೆಯ ದಿಮ್ಮಿ.

ಉತ್ತರ ಹುಡುಕಲು ಪರೀಕ್ಷಾ ಕಾಡು ಬೇಕಾಯಿತು. 1906ರಲ್ಲಿ ಹುಟ್ಟಿದ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ 1930ರ ಸುಮಾರಿಗೆ ಬೇರೆ ಬೇರೆ ಪ್ರಾಂತಗಳ ಮತ್ತು ಬರ್ಮಾದ ತೇಗದ ಬೀಜ ತರಿಸಿ, ದೇಶದ ಹಲವು ಕಡೆ ಅಕ್ಕಪಕ್ಕ ನೆಡಿಸಿತು. ಜಾವಾದಲ್ಲಿ ಡಚ್ಚರೂ ಅದೇ ದಶಕದಲ್ಲಿ ಇಂಥ ಪರೀಕ್ಷೆಗೆ ಕೈಹಾಕಿದರು. 1938ರಲ್ಲಿ ಎಂ.ವಿ. ಲಾರಿ ಎಂಬ ಅರಣ್ಯಾಧಿಕಾರಿ ಕೊಡಗಿನ ತೇಗದ ತೋಪುಗಳನ್ನೇ ಇಟ್ಟುಕೊಂಡು, ಮರ ಕೊಂಬೆಯೊಡೆಯುವ ರೀತಿಗೂ ಬೀಜ ಬಂದ ಊರಿಗೂ ಇರುವ ನಂಟಿನ ಮೇಲೆ ಲೇಖನ ಬರೆದ.

ಇಂಥ ಕಾಡು ಎಬ್ಬಿಸುವ ಕ್ರಮವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಮೇಷ್ಟ್ರುಗಳು ಇದನ್ನು ಕ್ಲಾಸಿನಲ್ಲಿ ಹೇಳಬಹುದು. ಹತ್ತು ಊರಿನ ಬೀಜ ತರುತ್ತಾರೆ. ಒಂದೇ ನರ್ಸರಿಯಲ್ಲಿ, ಒಂದೇ ಮಣ್ಣಲ್ಲಿ, ಒಂದೇ ಕಾಲಕ್ಕೆ ಮೊಳೆಸುತ್ತಾರೆ. ನೆಲವನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡುತ್ತಾರೆ. ಪ್ರತಿ ಪಟ್ಟಿಯಲ್ಲೂ ಹತ್ತೂ ಊರಿನ ಸಸಿಗೆ ಜಾಗ ಇರಬೇಕು. ಯಾವ ಸಸಿ ಎಲ್ಲಿ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡುತ್ತಾರೆ. ಇಲ್ಲದಿದ್ದರೆ ಸಾಹೇಬನಿಗೆ ಇಷ್ಟವಾದ ಬೀಜಕ್ಕೆ ಹೊಳೆಬದಿಯ ಮೆಕ್ಕಲು, ಮಿಕ್ಕಿದ್ದಕ್ಕೆ ಕಲ್ಲುಭೂಮಿ ಆಗಿಬಿಡುತ್ತದೆ. ಅಂಚಿನ ಮರಕ್ಕೆ ಬಿಸಿಲು ಜಾಸ್ತಿ ಸಿಗುತ್ತೆ ಅಂತ ಸುತ್ತ ಒಂದು ಸಾಲು ಬೇರೆ ಮರ ನೆಟ್ಟು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದೇ ಏರ್ಪಾಟನ್ನು ಬೇರೆ ಬೇರೆ ಜಿಲ್ಲೆಗಳಲ್ಲಿ ಮತ್ತೆ ಮಾಡುತ್ತಾರೆ. ಹತ್ತಾರು ವರ್ಷ ಅಳೆಯುತ್ತಾರೆ. ಇಷ್ಟಾದ ಮೇಲೆ ಮಾತ್ರ ‘ಈ ಬೀಜ ಮೇಲು’ ಅಂತ ಬಾಯಿ ಬಿಡಬಹುದು. ಒಂದೇ ನೆಲ, ಒಂದೇ ನೀರು ಕೊಡದೆ ಹುಟ್ಟಿನ ಮಾತು ಎತ್ತುವಂತಿಲ್ಲ. ಪರೀಕ್ಷಾ ಕಾಡಿನ ಮೊದಲನೇ ಕಾನೂನು ಇದು.

ಚೀಟಿ ಎತ್ತುವ ಈ ನಿಯಮವನ್ನು ತನ್ನ 1925 ಮತ್ತು 1935ರ ಪುಸ್ತಕಗಳಲ್ಲಿ ಗಟ್ಟಿಮಾಡಿದವನು ಇಂಗ್ಲೆಂಡಿನ ಆರ್.ಎ. ಫಿಶರ್. ಅದೇ ಫಿಶರ್ 1933ರಲ್ಲಿ ಲಂಡನ್ನಿನಲ್ಲಿ ಯೂಜೆನಿಕ್ಸ್ ಪ್ರೊಫೆಸರ್ ಆದ. ಮನುಷ್ಯರಲ್ಲೂ ಒಳ್ಳೇ ಹುಟ್ಟು, ಕೆಟ್ಟ ಹುಟ್ಟು ವಿಂಗಡಿಸಿ ತಳಿ ಸುಧಾರಿಸಬೇಕು ಅನ್ನುವ ವಾದಕ್ಕೆ 1883ರಲ್ಲಿ ಗಾಲ್ಟನ್ ಇಟ್ಟ ಹೆಸರು ಅದು. ಹೊಲದ ಪಟ್ಟಿಗೆ ಸಮನೆಲ ಬೇಕು ಅಂತ ಲೋಕಕ್ಕೆ ಕಲಿಸಿದವನು ಮನುಷ್ಯರ ಹುಟ್ಟನ್ನು ಸಮನೆಲ ಇಲ್ಲದೆಯೇ ತೂಗುವವರ ಪೀಠದಲ್ಲಿ ಕೂತ. ನಮ್ಮ ದೇಶದಲ್ಲಂತೂ ಈ ವಾದಕ್ಕೆ ಪ್ರೊಫೆಸರ್ ಬೇಕಿರಲಿಲ್ಲ, ಪುರೋಹಿತ ಸಾಕಾಗಿದ್ದ. ಜಾತಿ ರಕ್ತಶುದ್ಧಿಗಾಗಿ ಇರುವುದು ಅನ್ನುವ ಮಾತನ್ನು 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಎತ್ತಿಕೊಂಡು, ಅದಕ್ಕೆ ವಿಜ್ಞಾನದ ಆಸರೆ ಇಲ್ಲ ಅಂತ ತೋರಿಸಿಕೊಟ್ಟರು.

ಸ್ವಾತಂತ್ರ್ಯ ಬಂದ ಮೇಲೆ ತೇಗದ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1962ರಲ್ಲಿ ಕೇದಾರನಾಥ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಆಯ್ಕೆ ಮತ್ತು ತಳಿ ಎಬ್ಬಿಸುವುದರಿಂದ ತೇಗವನ್ನು ಸುಧಾರಿಸುವ ದಾರಿಯ ಬಗ್ಗೆ ಬರೆದರು. ಕಾಡು ಸುತ್ತಿ ಎತ್ತರದ, ನೆಟ್ಟಗಿನ, ರೋಗವಿಲ್ಲದ ಮರ ಆರಿಸಿ ‘ಪ್ಲಸ್ ಮರ’ ಅಂತ ಗುರುತು ಹಾಕಿದರು. ನಮ್ಮ ಹಳಿಯಾಳ, ದಾಂಡೇಲಿ ಕಡೆಯ ಕಾಡಲ್ಲೂ ಇಂಥ ಮರಗಳಿವೆ. ರಾಜ್ಯ, ವಿಭಾಗ, ವಲಯ ಸೂಚಿಸುವ ಅಕ್ಷರ ಸೇರಿಸಿ ಒಂದೊಂದಕ್ಕೂ ನಂಬರು. ಆ ಮರದ ಕಣ್ಣು ತೆಗೆದು ಬೇರೆ ಬುಡಕ್ಕೆ ಕಸಿ ಕಟ್ಟಿ ‘ಬೀಜದ ತೋಟ’ ಮಾಡಿದರು.

ಈ ತೋಟದ ಸುತ್ತ ದೂರದ ತನಕ ಸಾಧಾರಣ ತೇಗ ಇರಬಾರದು, ಅದರ ಪರಾಗ ಒಳಗೆ ಬರಬಾರದು. ಜಗಲಿಯವರು ಇಲ್ಲಿ ಖುಷಿಯಾಗಬಹುದು: ‘ನೋಡಿ, ಮಡಿ ಅಲ್ಲೂ ಇದೆ!’ ಮರದ ನ್ಯಾಯವನ್ನು ಮನುಷ್ಯರಿಗೆ ತರಬಾರದು. ಅವರು ತಂದೇ ತರುತ್ತೀವಿ ಅಂದರೆ ಪೂರ್ತಿ ತರಲಿ, ಅರ್ಧ ಬೇಡ. ತೋಟದೊಳಗಿನ ಮೊದಲ ನಿಯಮ: ಒಂದೇ ತಾಯಿಮರದ ಕಸಿಗಳು ಅಕ್ಕಪಕ್ಕ ನಿಲ್ಲಬಾರದು. ತಮ್ಮತಮ್ಮಲ್ಲೇ ಪರಾಗ ಕೂಡಿದರೆ ಬೀಜ ಕಟ್ಟುವುದು ಕಡಿಮೆ, ಕಟ್ಟಿದರೂ ಸಸಿ ಬಡಕಲು. ಅದಕ್ಕೆ ದೂರ ದೂರದ ಕಾಡಿನ ಮರಗಳನ್ನು ಬೆರೆಸಿ ನಿಲ್ಲಿಸುತ್ತಾರೆ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಅಂಬೇಡ್ಕರ್ ಅವರು ಜಾತಿಯ ತಿರುಳೇ ಒಳಮದುವೆ ಅಂದಿದ್ದರು. ಬೀಜದ ತೋಟದ ನಕ್ಷೆ ಹಾಕುವುದೇ ಒಳಮದುವೆ ತಪ್ಪಿಸುವುದಕ್ಕೆ!

ಎರಡನೇ ನಿಯಮ: ಪ್ಲಸ್ ಮರ ಅನ್ನುವುದು ಬರೀ ಮೇಲ್ನೋಟದ ಮಾತು. ಅದು ಒಳ್ಳೇ ನೆಲದಲ್ಲಿ ನಿಂತಿದ್ದಕ್ಕೆ ಎತ್ತರವಾಗಿರಬಹುದು. ಅದರ ಮಕ್ಕಳನ್ನು ಬೇರೆ ಮರದ ಮಕ್ಕಳ ಜೊತೆ ಸಮನೆಲದಲ್ಲಿ ನೆಟ್ಟು ನೋಡಬೇಕು. ಮಕ್ಕಳು ಸೋತರೆ ತಾಯಿಮರದ ಕಸಿಯನ್ನು ತೋಟದಿಂದ ಕಡಿದು ಹಾಕಬೇಕು. ಯಾವ ಮರಕ್ಕೂ ಅಲ್ಲಿ ಹುಟ್ಟಿನಿಂದ ಬಂದ ಶಾಶ್ವತ ಪೀಠ ಇಲ್ಲ. ಇಂಥ ಪರೀಕ್ಷೆಗೆ ಯಾವ ಅಗ್ರಹಾರ ಯಾವತ್ತು ಒಪ್ಪಿದೆ?

ಇಷ್ಟು ಮಾಡಿಯೂ ತೋಟಗಳು ಅಂದುಕೊಂಡಷ್ಟು ಬೀಜ ಕೊಡಲಿಲ್ಲ. ಬೇರೆ ಬೇರೆ ಕಡೆಯಿಂದ ತಂದ ಮರಗಳು ಒಂದೇ ಕಾಲಕ್ಕೆ ಹೂ ಬಿಡಲಿಲ್ಲ, ಬೆರೆಯಬೇಕಾದವು ಬೆರೆಯಲಿಲ್ಲ. 1970ರ ದಶಕದಲ್ಲಿ ಡೆನ್ಮಾರ್ಕಿನ ಬೀಜ ಕೇಂದ್ರವೊಂದು ಹಲವು ದೇಶಗಳ ತೇಗದ ಬೀಜವನ್ನು ಏಷ್ಯಾ, ಆಫ್ರಿಕಾ, ಅಮೆರಿಕಾ ಖಂಡಗಳಲ್ಲಿ ನೆಡಿಸಿ ನೋಡಿತು. ನಮ್ಮ ಪಶ್ಚಿಮ ಘಟ್ಟದ ಕಡೆಯ ಬೀಜ ಹಲವು ಕಡೆ ಚೆನ್ನಾಗಿ ಬಂತು, ಎಲ್ಲ ಕಡೆ ಅಲ್ಲ. ಒಣನಾಡಿನ ಬೀಜ ಮಳೆನಾಡಲ್ಲಿ ಹಿಂದೆ ಬಿತ್ತು. ಎಲ್ಲ ನೆಲಕ್ಕೂ ಮೇಲಾದ ಒಂದು ಕುಲ ಸಿಗಲಿಲ್ಲ.

‘ಮೇಲು’ ಅಂದರೆ ಯಾರಿಗೆ ಮೇಲು ಅನ್ನುವುದನ್ನೂ ಕೇಳಬೇಕು. ಹಲಗೆ ಕೊಯ್ಯುವವನಿಗೆ ನೆಟ್ಟನೆಯ ಮರ ಒಳ್ಳೇದು. ಹಡಗಿನ ಪಕ್ಕೆಲುಬಿಗೆ ಇಂಗ್ಲೆಂಡಿನವರು ಸೊಟ್ಟಗಿನ ಓಕನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಸೌದೆ ಹೊರುವ ಹೆಂಗಸಿಗೆ ಕೊಂಬೆ ಇರುವ ಮರ ಬೇಕು. ಅವಳನ್ನು ಕೇಳಿ ಯಾರೂ ಪ್ಲಸ್ ಮರ ಆರಿಸಲಿಲ್ಲ.

ಇನ್ನು ಆ ಸಾಲು ನೆಟ್ಟವರ ಗತಿ. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು, 1980ರ ದಶಕದಲ್ಲಿ ನಾಗರಹೊಳೆಯನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ತೇಗ ಒಳಗೆ ಉಳಿಯಿತು. ತೇಗ ನೆಟ್ಟವರ ಎಷ್ಟೋ ಹಾಡಿಗಳು ಹೊರಗೆ ಬಿದ್ದವು. ಅನೇಕರು ಕೊಡಗಿನ ಕಾಫಿ ತೋಟದ ಲೈನ್‌ಮನೆ ಸೇರಿದರು. 1976ರ ಜೀತ ನಿರ್ಮೂಲನ ಕಾಯಿದೆ ಪುಸ್ತಕದಲ್ಲಿತ್ತು. 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ, ಈ ಕಾಡು ನಿಮ್ಮದು ಅನ್ನುವುದಕ್ಕೆ ಪುರಾವೆ ಏನು ಅಂತ ಅದೇ ಜನರನ್ನು ಕೇಳುವ ಕಾಲ ಬಂತು. ಮರದ ವಂಶಾವಳಿ ಇಟ್ಟ ಇಲಾಖೆಗಳು ಮರ ನೆಟ್ಟವರ ಪಟ್ಟಿ ಇಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆ ಕಾಯಿದೆಯ ನಿಯಮಗಳು ಊರ ಹಿರಿಯರ ಬರೆದಿಟ್ಟ ಹೇಳಿಕೆಯನ್ನೂ ಪುರಾವೆ ಅಂತ ಒಪ್ಪುತ್ತವೆ. ಹಾಡಿ ಹತ್ತಿರದ ಶಾಲೆಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ಈ ಕೆಲಸ ನಾವು ಮಾಡಬಹುದು. ತೇಗದ ತೋಪಿನ ಮುಂದೆ ನೆಟ್ಟ ವರ್ಷ, ವಿಸ್ತೀರ್ಣ ಬರೆದ ಬೋರ್ಡು ಇರುತ್ತದೆ. ಆ ವರ್ಷ ಬರೆದುಕೊಂಡು ಹಾಡಿಗೆ ಹೋಗಿ. ಆಗ ಗುಂಡಿ ತೋಡಿದವರು ಯಾರು, ಎಷ್ಟು ಕೂಲಿ ಸಿಕ್ಕಿತು, ಆಗ ಅವರ ಹಾಡಿ ಎಲ್ಲಿತ್ತು ಅಂತ ಅಜ್ಜ ಅಜ್ಜಿಯರನ್ನು ಕೇಳಿ. ಹೆಸರು ಹಿಡಿದು ಬರೆಯಿರಿ, ಅವರ ಮುಂದೆ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ ಗ್ರಾಮಸಭೆಯಲ್ಲಿ ಇಡಿ.