ಕಣದಲ್ಲಿ ಶುರುವಾಗುವ ನಗರ ಸಾಗಣೆ: ಮೊರಬದ ಕಡೆಯಿಂದ ಹುಬ್ಬಳ್ಳಿ–ಧಾರವಾಡದ ಸಾರಿಗೆ ನೀತಿ

ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಸಾರಿಗೆಯ ಚರ್ಚೆ ಬಹುಕಾಲದಿಂದ ಒಂದೇ ರಸ್ತೆಯ ಸುತ್ತ ತಿರುಗುತ್ತಿದೆ. ವಿಶ್ವಬ್ಯಾಂಕಿನ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ ಪಿಂಪ್ರಿ–ಚಿಂಚವಾಡ, ಇಂದೋರ್, ಮೈಸೂರುಗಳ ಜೊತೆಗೆ ಆಯ್ಕೆಯಾದ ಈ ನಗರಕ್ಕೆ ತ್ವರಿತ ಬಸ್ ಸಾರಿಗೆ ವ್ಯವಸ್ಥೆ, ಅಂದರೆ ಬಿಆರ್‌ಟಿಎಸ್ ಬಂತು. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲಾರಂಭಿಸಿದ ಅದರ ಚಿಗರಿ ಬಸ್ಸುಗಳಿಗೆ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಸುಮಾರು 22 ಕಿಲೋಮೀಟರ್ ಉದ್ದದ ಈ ಪ್ರತ್ಯೇಕ ಪಥ ಜನಸಂಚಾರಕ್ಕೆ ಕೊಟ್ಟ ವೇಗ, ಉಳಿದ ವಾಹನಗಳಿಂದ ಕಿತ್ತುಕೊಂಡ ಜಾಗ, ಮಳೆಗಾಲದಲ್ಲಿ ನೀರು ನಿಲ್ಲುವ ತಾಪತ್ರಯ, ಎಲ್ಲವೂ ಸಾಕಷ್ಟು ಚರ್ಚೆಯಾಗಿವೆ. ಆದರೆ ಅದೇ ಪಥಕ್ಕೆ ಹೊಂದಿಕೊಂಡಂತೆ ಅಮರಗೋಳದ ಎಪಿಎಂಸಿ ಪ್ರಾಂಗಣವಿದೆ. ಉತ್ತರ ಕರ್ನಾಟಕದ ಹತ್ತಿ, ಕಡಲೆ, ಹೆಸರು, ಉಳ್ಳಾಗಡ್ಡಿ ಅಲ್ಲಿ ಬಂದು ಬೀಳುತ್ತವೆ. ನಗರದ ಸಾರಿಗೆ ಯೋಜನೆಯಲ್ಲಿ ಜನರದೇ ಲೆಕ್ಕ, ಸರಕು ಅಡಚಣೆಯ ಪಟ್ಟಿಗೆ ಸೇರಿದ ವಸ್ತು. ನವಲಗುಂದ ತಾಲ್ಲೂಕಿನ ಮೊರಬದಂಥ ಊರಿನ ಕಡೆಯಿಂದ ನೋಡಿದರೆ ಈ ವಿಂಗಡಣೆ ಬುಡದಲ್ಲೇ ತಪ್ಪು. ಹುಬ್ಬಳ್ಳಿಯ ರಸ್ತೆಯ ಮೇಲೆ ಎಷ್ಟು ಗಾಡಿ ಬೀಳಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಹಳ್ಳಿಯ ಕಣದಲ್ಲಿ, ರಾಶಿಯಾದ ಕಾಳು ಎಷ್ಟು ಚೀಲವಾಗಿ, ಯಾವ ದಿನ, ಯಾರ ಜೊತೆ ಹೊರಡುತ್ತದೆ ಎಂಬುದರ ಮೇಲೆ. ಆದ್ದರಿಂದ ನಗರದ ಸರಕು ಸಾಗಣೆಯನ್ನು ಸುಸ್ಥಿರಗೊಳಿಸುವ ಅಗ್ಗದ ದಾರಿ ನಗರದ ಹೊರಗಿದೆ, ಮತ್ತು ಅದು ಹಳ್ಳಿ ಬಸ್ಸಿನ ವೇಳಾಪಟ್ಟಿಯಿಂದ ಬೇರೆಯಾದ ವಿಷಯವಲ್ಲ ಎಂಬುದು ಈ ಲೇಖನದ ವಾದ.

ಮೊದಲು ಬಾಡಿಗೆಯ ಲೆಕ್ಕ. ಹಳ್ಳಿಯಿಂದ ಪೇಟೆಗೆ ಹೊರಡುವ ಸಣ್ಣ ಗೂಡ್ಸ್ ಗಾಡಿಯ ಬಾಡಿಗೆ ಗಾಡಿಗೆ ನಿಗದಿಯಾಗುತ್ತದೆಯೇ ಹೊರತು ಚೀಲಕ್ಕಲ್ಲ. ಐದು ಚೀಲ ಹಾಕಿದರೂ ಹದಿನೈದು ಹಾಕಿದರೂ ಚಾಲಕನ ದಿನ, ಡೀಸೆಲ್, ವಿಮೆ, ಸಾಲದ ಕಂತು ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಕ್ವಿಂಟಲ್ ಒಂದಕ್ಕೆ ತಗಲುವ ಸಾಗಣೆ ವೆಚ್ಚ ಚೀಲ ಕಡಿಮೆಯಾದಷ್ಟೂ ಏರುತ್ತದೆ. ಎರಡು ಎಕರೆಯವನು ಹತ್ತು ಎಕರೆಯವನಿಗಿಂತ ದುಬಾರಿ ದರದಲ್ಲಿ ಅದೇ ರಸ್ತೆಯನ್ನು ಬಳಸುತ್ತಾನೆ. ಇದರ ಮೇಲೆ ಮರಳುವ ಪಯಣದ ಭಾರವಿದೆ. ಅಮರಗೋಳದಲ್ಲಿ ಚೀಲ ಇಳಿಸಿದ ಗಾಡಿ ಊರಿಗೆ ಖಾಲಿ ಮರಳುವುದಾದರೆ, ಆ ಖಾಲಿ ಓಟದ ಖರ್ಚೂ ಹೋಗುವಾಗಿನ ಬಾಡಿಗೆಯಲ್ಲೇ ಸೇರಿರುತ್ತದೆ. ಅದೇ ದಿನ ಮೊರಬದ ಕಿರಾಣಿ ಅಂಗಡಿಗೆ ಸಕ್ಕರೆ, ಎಣ್ಣೆ, ಸಾಬೂನು ಹೇರಿಕೊಂಡು ಹುಬ್ಬಳ್ಳಿಯಿಂದ ಇನ್ನೊಂದು ಗಾಡಿ ಬರುತ್ತದೆ, ಅದು ಖಾಲಿಯಾಗಿ ನಗರಕ್ಕೆ ಮರಳುತ್ತದೆ. ಎರಡೂ ಗಾಡಿಗಳ ಯಜಮಾನರು ತರ್ಕಬದ್ಧವಾಗಿಯೇ ನಡೆದುಕೊಂಡಿದ್ದಾರೆ. ಒಬ್ಬರ ಮರುಪಯಣ ಇನ್ನೊಬ್ಬರ ಅಗತ್ಯವೆಂದು ಇಬ್ಬರಿಗೂ ಸಕಾಲಕ್ಕೆ ತಿಳಿಯುವುದಿಲ್ಲ, ಅಷ್ಟೇ. ಗಾಡಿ ಹುಡುಕುವ, ಹೊಂದಿಸುವ, ಕಾಯುವ ಈ ವೆಚ್ಚ ಯಾವ ರಸೀದಿಯಲ್ಲೂ ಕಾಣುವುದಿಲ್ಲ. ದಟ್ಟಣೆ, ಹೊಗೆ, ಅಪಘಾತದ ರೂಪದಲ್ಲಿ ಅದರ ಒಂದು ಪಾಲನ್ನು ನಗರ ಹೊರುತ್ತದೆ.

ರಾಷ್ಟ್ರಮಟ್ಟದ ಅಂಕಿಗಳು ಇದನ್ನು ಮರೆಮಾಚುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಪ್ರಕಟವಾದಾಗ ದೇಶದ ಸಾಗಣೆ ವೆಚ್ಚ ಜಿಡಿಪಿಯ ಶೇ 13–14ರಷ್ಟಿದೆ ಎಂಬ ಮಾತು ಎಲ್ಲೆಡೆ ಚಲಾವಣೆಯಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಸರ್ಕಾರಿ ಅಂದಾಜು ಅದನ್ನು ಶೇ 7.97ಕ್ಕೆ ಇಳಿಸಿತು. ಮೂರು ವರ್ಷದಲ್ಲಿ ರಸ್ತೆಗಳು ಅಷ್ಟು ಸುಧಾರಿಸಿದವೆಂದು ಇದರ ಅರ್ಥವಲ್ಲ, ಎಣಿಸುವ ವಿಧಾನ ಬದಲಾಯಿತು. ನಮಗೆ ಮುಖ್ಯವಾದದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ: ಸಣ್ಣ ಉದ್ಯಮಗಳ ವಹಿವಾಟಿನಲ್ಲಿ ಸಾಗಣೆಯ ಪಾಲು ದೊಡ್ಡವುಗಳದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹೊಲದಿಂದ ಪೇಟೆಯವರೆಗಿನ ಮೊದಲ ಹಂತದಲ್ಲಿ ಈ ಅಂತರ ಇನ್ನೂ ತೀವ್ರವಾಗಿರದೆ ಇರಲು ಕಾರಣವಿಲ್ಲ.

ಈ ಸೀಮೆಯ ಚರಿತ್ರೆಯೂ ಅದನ್ನೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಎರಿ ಹೊಲಗಳ ದೇಶೀ ಹತ್ತಿ ವಿಲಾಯತಿಯ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಗಿತ್ತು. ಬೆಳೆದ ನೆಲದ ಹೆಸರಲ್ಲ, ಹಡಗು ಹತ್ತಿದ ಬಂದರಿನ ಹೆಸರು. ಅಮೆರಿಕದ ಅಂತರ್ಯುದ್ಧದಿಂದಾಗಿ 1861–65ರಲ್ಲಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ಘಟ್ಟದ ರಸ್ತೆಗಳಿಗೂ ಕಾರವಾರ ಬಂದರಿಗೂ ಆಸಕ್ತಿ ಹುಟ್ಟಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೂ ಗದಗಿಗೂ ಬಂದು, ಮಾರ್ಮುಗೋವಾ ಬಂದರಿಗೆ ಕೂಡಿಕೊಂಡ ಮೇಲೆ ಕುಮಟೆಯ ವ್ಯಾಪಾರ ಕುಗ್ಗಿತು. ಹುಬ್ಬಳ್ಳಿ ಬೆಳೆಯಿತು. ಆದರೆ ರೈಲು ಅಗ್ಗವಾಗಿಸಿದ್ದು ಹುಬ್ಬಳ್ಳಿಯಿಂದ ಆಚೆಗಿನ ದಾರಿಯನ್ನು. ಹಳಿ ಅಣ್ಣಿಗೇರಿಯನ್ನೂ ಕುಂದಗೋಳವನ್ನೂ ಮುಟ್ಟಿತು, ನವಲಗುಂದವನ್ನೂ ಮೊರಬವನ್ನೂ ಮುಟ್ಟಲಿಲ್ಲ. ಮಳೆ ಬಿದ್ದರೆ ಕಾಲು ಹೂತುಹೋಗುವ ಎರಿ ನೆಲದಲ್ಲಿ ಮೊದಲ ಹಂತ ಚಕ್ಕಡಿಯ ಪಾಲಿಗೇ ಉಳಿಯಿತು, ಅಲ್ಲಿಂದ ಟ್ರ್ಯಾಕ್ಟರಿಗೆ, ಈಗ ನಾಲ್ಕು ಗಾಲಿಯ ಸಣ್ಣ ಗಾಡಿಗೆ ದಾಟಿದೆ. ದೂರದ ಸಾಗಣೆಯಲ್ಲಿ ಹಣ ಹೂಡಲು ಪ್ರತಿ ಕಾಲದಲ್ಲೂ ಯಾರಾದರೂ ಸಿಕ್ಕಿದ್ದಾರೆ. ಹತ್ತಿರದ ಸಾಗಣೆ ಮಾತ್ರ ರೈತನ ಖಾಸಗಿ ತಲೆನೋವಾಗಿಯೇ ಉಳಿದಿದೆ.

ಈಗ ಬಸ್ಸಿನ ಮಾತು. ಸಾರಿಗೆ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋಹ್ರಿಂಗ್ 1972ರಲ್ಲಿ ತೋರಿಸಿದ ತತ್ವ ಸರಳ: ಪ್ರಯಾಣಿಕರು ಹೆಚ್ಚಿದಂತೆ ಬಸ್ಸುಗಳ ಸಂಖ್ಯೆ ಹೆಚ್ಚಿದರೆ, ಪ್ರತಿಯೊಬ್ಬರೂ ಕಾಯುವ ಹೊತ್ತು ಇಳಿಯುತ್ತದೆ, ಹೀಗೆ ಒಬ್ಬನ ಪ್ರಯಾಣದಿಂದ ಇನ್ನೊಬ್ಬನಿಗೆ ಲಾಭವಾಗುವುದರಿಂದ, ಟಿಕೆಟ್ ಹಣದಲ್ಲೇ ಪೂರ್ತಿ ವೆಚ್ಚ ಹುಟ್ಟಬೇಕೆನ್ನುವುದು ಆರ್ಥಿಕವಾಗಿ ಸರಿಯಲ್ಲ. ಇದರ ತಿರುಗುಮುರುಗಿನ ರೂಪ ಹಳ್ಳಿಯ ಮಾರ್ಗಗಳಲ್ಲಿ ಕಾಣುತ್ತದೆ. ಬಸ್ಸು ವಿರಳವಾದಷ್ಟೂ ಜನ ಬೈಕು, ಟಂಟಂ ಹುಡುಕುತ್ತಾರೆ. ಜನ ಹೋದಂತೆ ಬಸ್ಸು ಇನ್ನೂ ವಿರಳವಾಗುತ್ತದೆ. ಮೋಹ್ರಿಂಗ್ ಲೆಕ್ಕಕ್ಕೆ ತೆಗೆದುಕೊಂಡದ್ದು ನಗರದ ಬಸ್ಸನ್ನು, ಅದೂ ಜನರನ್ನಷ್ಟೇ. ಹಳ್ಳಿಯ ಬಸ್ಸಿಗೆ ಇನ್ನೊಂದು ಗುಣವಿದೆ. ರಾತ್ರಿ ಊರಲ್ಲಿ ತಂಗುವ ವಸ್ತಿ ಬಸ್ಸು ಬೆಳಿಗ್ಗೆ ಹೊರಡುವಾಗ ಕಾಲೇಜಿನ ಹುಡುಗರು, ನೌಕರರು, ದವಾಖಾನೆಗೆ ಹೋಗುವವರು ತುಂಬಿರುತ್ತಾರೆ. ಸಂಜೆ ನಗರದಿಂದ ಬರುವ ಬಸ್ಸು ಹಾಗೆಯೇ. ಆದರೆ ಮುಂಜಾನೆ ನಗರದಿಂದ ಹಳ್ಳಿಯ ಕಡೆಗೆ, ಸಂಜೆ ಹಳ್ಳಿಯಿಂದ ನಗರದ ಕಡೆಗೆ ಓಡುವ ಬಸ್ಸಿನಲ್ಲಿ ಅಷ್ಟು ಒತ್ತಡ ಇರುವುದಿಲ್ಲ. ಅಂಗಡಿಯ ಸಣ್ಣ ಸಾಮಾನು, ಔಷಧಿ, ಬೀಜ, ಪಂಪಿನ ಬಿಡಿಭಾಗ ಹೋಗಬೇಕಾದದ್ದು ನಿಖರವಾಗಿ ಈ ಮುಂಜಾನೆಯ, ಹಳ್ಳಿಯ ಕಡೆಗಿನ ಓಟದಲ್ಲಿ. ಅಂದರೆ ಬಸ್ಸಿನ ಖಾಲಿ ಜಾಗವೂ ಹಳ್ಳಿಯ ಕಿರು ಸರಕೂ ಒಂದೇ ಮುಖವಾಗಿವೆ. ಹೀಗೆ ಜನರ ಜೊತೆಗೆ ಪಾರ್ಸೆಲ್ ಸಾಗಿಸುವ ಪದ್ಧತಿ ಹೊಸದಲ್ಲ. ಫಿನ್ಲೆಂಡಿನಲ್ಲಿ ಬಸ್ ಕಂಪನಿಗಳ ಒಡೆತನದ ಮತ್ಕಾಹುಯೊಲ್ತೊ ಸಂಸ್ಥೆ 1933ರಿಂದ ನಡೆದಿದೆ. ಸ್ವಿಟ್ಜರ್ಲೆಂಡಿನ ಹಳದಿ ಬಸ್ಸುಗಳು ಅಂಚೆಯ ಗಾಡಿಗಳಾಗಿಯೇ ಹುಟ್ಟಿದವು. ನಮ್ಮಲ್ಲೂ ಒಂದು ಕಾಲಕ್ಕೆ ಬಸ್ಸಿನ ಬೆನ್ನಿಗೆ ಏಣಿ, ನೆತ್ತಿಗೆ ಕ್ಯಾರಿಯರ್ ಇದ್ದೇ ಇರುತ್ತಿತ್ತು. 2021ರ ಫೆಬ್ರವರಿಯಲ್ಲಿ ರಾಜ್ಯದ ಸಾರಿಗೆ ನಿಗಮಗಳು ನಮ್ಮ ಕಾರ್ಗೊ ಎಂಬ ಹೆಸರಿನಲ್ಲಿ ಪಾರ್ಸೆಲ್ ಸೇವೆ ಆರಂಭಿಸಿದವು, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಅದರಲ್ಲಿದೆ. ಆ ಸೇವೆಯ ಒಲವು ದೊಡ್ಡ ನಿಲ್ದಾಣದಿಂದ ದೊಡ್ಡ ನಿಲ್ದಾಣಕ್ಕೆ. ಖಾಸಗಿ ಪಾರ್ಸೆಲ್‌ನವರು ಈಗಾಗಲೇ ಪೈಪೋಟಿಗಿಳಿದಿರುವ ದಾರಿ ಅದು. ಯಾರೂ ಕೈಹಾಕದ ದಾರಿ ಡಿಪೊದಿಂದ ಹಳ್ಳಿಯದು, ಸಾರ್ವಜನಿಕ ಸಂಸ್ಥೆಗೆ ನಿಜವಾದ ಮೇಲುಗೈ ಇರುವುದೂ ಅಲ್ಲಿ.

ಇಲ್ಲಿ ಏಳುವ ಮೊದಲ ಆಕ್ಷೇಪ ಬಲವಾದದ್ದು. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಹಳ್ಳಿ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ, ಇನ್ನು ಸರಕೆಲ್ಲಿ? ರಾಜ್ಯದಲ್ಲಿ ಉಚಿತ ಪ್ರಯಾಣಗಳ ಸಂಖ್ಯೆ 2025ರ ಜುಲೈಗೆ 500 ಕೋಟಿ ದಾಟಿದ್ದು ಈ ಒತ್ತಡಕ್ಕೆ ಸಾಕ್ಷಿ. ಆದರೆ ಒತ್ತಡ ದಿನದುದ್ದಕ್ಕೂ ಎರಡೂ ದಿಕ್ಕಿಗೆ ಸಮನಾಗಿ ಹರಡಿಲ್ಲ. ಹರಡಿದ್ದರೆ ಬಸ್ಸುಗಳ ಸಂಖ್ಯೆ ಹೆಚ್ಚಿಸುವ ವಾದಕ್ಕೆ ಅದೇ ಆಧಾರವಾಗುತ್ತಿತ್ತು. ಶಕ್ತಿ ಯೋಜನೆಯ ಇನ್ನೊಂದು ಮುಖವನ್ನೂ ನೋಡಬೇಕು. ಕಾಯಿಪಲ್ಲೆಯ ಬುಟ್ಟಿ ಹೊತ್ತು ಧಾರವಾಡದ ಸಂತೆಗೆ ಹೋಗುವ ಹೆಣ್ಣುಮಗಳಿಗೆ ಟಿಕೆಟ್ ಇಲ್ಲ, ಮಿತಿ ಮೀರಿದ ಲಗೇಜಿಗೆ ದರ ಉಂಟು. ಆಕೆಯ ಪಾಲಿಗೆ ಪ್ರಯಾಣವೂ ಸರಕು ಸಾಗಣೆಯೂ ಒಂದೇ ಕೆಲಸ. ನೀತಿ ಅವೆರಡನ್ನು ಸೀಳಿ ಒಂದಕ್ಕೆ ಸಹಾಯಧನ, ಇನ್ನೊಂದಕ್ಕೆ ಶುಲ್ಕ ಎಂದಿದೆ. ಒತ್ತಡವಿಲ್ಲದ ಹೊತ್ತಿನ ಬಸ್ಸಿನಲ್ಲಿ ಲಗೇಜು ದರವನ್ನು ಇಳಿಸಿ, ಒತ್ತಡದ ಹೊತ್ತಿನಲ್ಲಿ ಉಳಿಸಿಕೊಂಡರೆ ಬೆಲೆಯೇ ಜನರನ್ನೂ ಬುಟ್ಟಿಯನ್ನೂ ಬೇರೆ ಬೇರೆ ಹೊತ್ತಿಗೆ ಹಂಚುತ್ತದೆ. ಮುಂಜಾನೆಯೇ ಸಂತೆ ಮುಟ್ಟಬೇಕಾದ ಹಸಿ ಪಲ್ಲೆಗೆ ಇದು ಒದಗುವುದಿಲ್ಲ. ಅದಕ್ಕೆ ಬೆಳಗಿನ ಒಂದು ಹೆಚ್ಚುವರಿ ಬಸ್ಸೇ ಬೇಕು.

ಎರಡನೆಯದು ನಷ್ಟದ ಆಕ್ಷೇಪ. 2025ರ ಜನವರಿ 5ರಿಂದ ಶೇ 15ರಷ್ಟು ದರ ಏರಿಸಿಯೂ ಸಾರಿಗೆ ಸಂಸ್ಥೆಗಳು ಹಣದ ಮುಗ್ಗಟ್ಟಿನಿಂದ ಹೊರಬಂದಿಲ್ಲ. ಅವುಗಳ ಮೇಲೆ ಸರಕಿನ ಹೊಣೆಯನ್ನೂ ಹೇರುವುದೆ? ಹೇರುವುದಲ್ಲ. ಹೇಗೂ ಓಡುವ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಹೆಚ್ಚಿಗೆ ಹಾಕುವುದರ ಸೀಮಾಂತ ವೆಚ್ಚ ಅತ್ಯಲ್ಪ. ಖರ್ಚು ಬರುವುದು ಇಳಿಸಿಕೊಳ್ಳಲು, ಕಾಪಿಡಲು, ಲೆಕ್ಕವಿಡಲು ಊರಲ್ಲಿ ಒಬ್ಬರು ಬೇಕಾಗುವುದರಿಂದ. ಕಂಡಕ್ಟರನ ತಲೆಗೆ ಆ ಕೆಲಸ ಕಟ್ಟಿದರೆ ಯೋಜನೆ ಆರು ತಿಂಗಳೂ ಬಾಳದು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಕಮಿಷನ್ ಮೇಲೆ ವಹಿಸಿದರೆ ಜಾಗವೂ ತಕ್ಕಡಿಯೂ ನಂಬಿಕೆಯೂ ಅಲ್ಲಿ ಸಿದ್ಧವಾಗಿವೆ.

ಇಷ್ಟಾದರೂ ಬಸ್ಸು ಹೆಸರು, ಕಡಲೆಯ ರಾಶಿಯನ್ನು ಹೊರಲಾರದು. ಭಾರೀ ಸರಕಿಗೆ ಬೇಕಾದದ್ದು ಕ್ರೋಡೀಕರಣ: ಹಲವರ ಚೀಲ ಒಂದೇ ದೊಡ್ಡ ಗಾಡಿಯಲ್ಲಿ. ಟ್ರ್ಯಾಕ್ಟರಿನ ಟ್ರೇಲರಿಗೆ ಅಣ್ಣತಮ್ಮಂದಿರು, ಬದುವಿನ ನೆರೆಯವರು ಕೂಡಿ ಹೇರುವ ರೂಢಿ ಇದ್ದೇ ಇದೆಯಲ್ಲ, ನೀತಿಯ ಹಂಗೇಕೆ ಎಂದು ಕೇಳಬಹುದು. ಆ ರೂಢಿ ಸುಗ್ಗಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಪರಿಚಯದ ಪರಿಧಿ ದಾಟಿದರೆ ನಿಲ್ಲುತ್ತದೆ. ಒಬ್ಬನ ಮಾಲು ಇನ್ನೊಬ್ಬನದಕ್ಕೆ ಬೆರೆತರೆ ದರ ಕೆಡುತ್ತದೆಂಬ ಅಂಜಿಕೆ ನ್ಯಾಯವಾದದ್ದು; ಚೀಲಕ್ಕೆ ಗುರುತು ಹಾಕಿ ಲಾಟನ್ನು ಪ್ರತ್ಯೇಕ ಇಟ್ಟರೆ ಸಾಕು, ಗಾಡಿ ಹಂಚಿಕೊಂಡ ಮಾತ್ರಕ್ಕೆ ಮಾಲು ಹಂಚಿಕೊಳ್ಳಬೇಕಿಲ್ಲ. ಅವಸರದ ಪ್ರಶ್ನೆ ಇದಕ್ಕಿಂತ ಕಠಿಣ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನ ಮಳೆಯ ನಡುವೆ ಕೊಯ್ಲಾಗುವ ಹೆಸರಿನಲ್ಲಿ ತೇವಾಂಶ ಶೇ 12 ಮೀರಿದರೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆಗೆದುಕೊಳ್ಳುವುದಿಲ್ಲ. ಒಣಗಿಸಲು ಜಾಗವಿಲ್ಲದ, ಅಡತಿ ಅಂಗಡಿಯಲ್ಲಿ ಮುಂಗಡ ಪಡೆದ ರೈತ ಸಿಕ್ಕ ಗಾಡಿಗೆ ಸಿಕ್ಕಷ್ಟು ಹೇರಿ ಕಳಿಸುತ್ತಾನೆ. ಅಮರಗೋಳದ ಗೇಟಿನಲ್ಲಿ ಅರ್ಧ ತುಂಬಿದ ಗಾಡಿಗಳ ಸಾಲು ನಿಲ್ಲುವುದಕ್ಕೆ ರಸ್ತೆಯ ಅಗಲಕ್ಕಿಂತ ಇದೇ ಹತ್ತಿರದ ಕಾರಣ. ಹಳ್ಳಿಯಲ್ಲಿ ಒಣಗಿಸುವ ಕಟ್ಟೆ, ಸಣ್ಣ ಗೋದಾಮು, ಅಡಮಾನ ಸಾಲ ಇವು ಕೃಷಿ ಇಲಾಖೆಯ ಕಡತದಲ್ಲಿ ಇರುವ ಸಂಗತಿಗಳು. ವಾಸ್ತವದಲ್ಲಿ ಇವು ಹುಬ್ಬಳ್ಳಿಯ ಸಂಚಾರ ನಿಯಂತ್ರಣದ ಉಪಕರಣಗಳೂ ಹೌದು, ಮತ್ತು ಮೇಲ್ಸೇತುವೆಗಿಂತ ಅಗ್ಗ.

ವಿದ್ಯುತ್ ವಾಹನ ಬಂದರೆ ಸಮಸ್ಯೆ ತಾನೇ ಕರಗುತ್ತದೆ ಎನ್ನುವವರೂ ಇದ್ದಾರೆ. ಹೊಗೆ ಕಡಿಮೆಯಾದೀತು, ಆದರೆ ಅರ್ಧ ಖಾಲಿ ವಿದ್ಯುತ್ ಗಾಡಿ ರಸ್ತೆಯಲ್ಲಿ ಹಿಡಿಯುವ ಜಾಗ ಅರ್ಧ ಖಾಲಿ ಡೀಸೆಲ್ ಗಾಡಿಯಷ್ಟೇ. ಜೊತೆಗೆ ವಿದ್ಯುತ್ ವಾಹನಕ್ಕೆ ಕೊಳ್ಳುವ ಬೆಲೆ ಹೆಚ್ಚು, ಓಡಿಸುವ ಖರ್ಚು ಕಡಿಮೆ. ದಿನಕ್ಕೆ ಹೆಚ್ಚು ಓಡಿದರಷ್ಟೇ ಅದು ಗಿಟ್ಟುತ್ತದೆ. ಸುಗ್ಗಿಯಲ್ಲಿ ಬಿಡುವಿಲ್ಲದೆ ದುಡಿದು ಉಳಿದ ತಿಂಗಳು ಬಾಡಿಗೆ ಕಾಯುವ ಗಾಡಿಗೆ ಆ ಲೆಕ್ಕ ಕೂಡುವುದಿಲ್ಲ. ಎರಡು ಕಡೆಯ ಸರಕು ಹೊಂದಿಸಿ ವರ್ಷವಿಡೀ ಓಟ ಒದಗಿಸಿದ ಮೇಲೆಯೇ ವಿದ್ಯುತ್ ಗಾಡಿಗೆ ಅರ್ಥ. ಸಣ್ಣ ಗಾಡಿಯವರ ಹೊಟ್ಟೆಪಾಡಿನ ಪ್ರಶ್ನೆಗೂ ಉತ್ತರ ಇದರಲ್ಲೇ ಭಾಗಶಃ ಇದೆ: ಟ್ರಿಪ್‌ಗಳ ಸಂಖ್ಯೆ ಇಳಿದರೂ ಪ್ರತಿ ಟ್ರಿಪ್ಪಿನ ಗಳಿಕೆ ಏರುತ್ತದೆ. ಭಾಗಶಃ ಎಂದದ್ದು ಬೇಕೆಂದೇ. ಕೆಲವು ಗಾಡಿಗಳಿಗೆ ಕೆಲಸ ತಪ್ಪುವುದು ಖಚಿತ, ಮತ್ತು ಸಾಲದ ಕಂತು ಬಾಕಿಯಿರುವವರಿಗೆ ಸರಾಸರಿಯ ಸುಧಾರಣೆ ಸಮಾಧಾನ ತರದು.

ಇಷ್ಟೆಲ್ಲ ಸಾಧ್ಯವಿದ್ದರೂ ಆಗದಿರುವುದಕ್ಕೆ ಆಡಳಿತದ ಗಡಿಗಳೇ ದೊಡ್ಡ ಕಾರಣ. 2023ರ ಪಿಎಂ ಇ–ಬಸ್ ಸೇವಾ ಯೋಜನೆ ಮೂರು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ನಗರ ಭೂ ಸಾರಿಗೆ ನಿರ್ದೇಶನಾಲಯದ ಹೆಸರಿನಲ್ಲೇ ಅದರ ಎಲ್ಲೆಯಿದೆ. 2021ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ರೂಪಿಸಿದ ಸರಕು ಸ್ಮಾರ್ಟ್ ನಗರಗಳ ಯೋಜನೆಯೂ ನಗರದ ಒಳಗನ್ನೇ ನೋಡುತ್ತದೆ. ಸೌಲಭ್ಯ ಕಟ್ಟಿದ್ದನ್ನು ಎಣಿಸಿ, ಅದು ಮುಟ್ಟಿತೇ ಎಂದು ನೋಡದ ಸರ್ಕಾರದ ಅನುಭವ ಈ ತಾಲ್ಲೂಕಿಗೆ ಹೊಸದಲ್ಲ: ಮಲಪ್ರಭಾ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರದಿದ್ದರೂ ಅಭಿವೃದ್ಧಿ ಕರ ಕೇಳಿದ್ದು 1980ರ ಜುಲೈನ ನವಲಗುಂದ–ನರಗುಂದ ರೈತ ಬಂಡಾಯದ ಬೇರುಗಳಲ್ಲೊಂದು. ಸಾರಿಗೆಯಲ್ಲಿ ಮುಟ್ಟಿದ್ದನ್ನು ಅಳೆಯಲು ಹೊಸ ಸಮೀಕ್ಷೆಯೇನೂ ಬೇಕಾಗಿಲ್ಲ. ಎಪಿಎಂಸಿಯ ಗೇಟಿನಲ್ಲಿ ಆವಕದ ದಾಖಲೆಯಾಗುತ್ತದೆ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಪ್ರತಿ ಲಾಟಿಗೂ ಗುರುತಿನ ಸಂಖ್ಯೆ ಇದೆ. ಕಂಡಕ್ಟರನ ಕೈಯ ಟಿಕೆಟ್ ಯಂತ್ರ ಯಾವ ಹೊತ್ತಿನ ಬಸ್ಸು ಎಷ್ಟು ಖಾಲಿ ಎಂದು ದಿನವೂ ಬರೆದಿಡುತ್ತದೆ. ಒಂದು ಗಾಡಿಗೆ ಸರಾಸರಿ ಎಷ್ಟು ಕ್ವಿಂಟಲ್ ಬಂತು ಎಂಬ ಅಂಕಿಯನ್ನು ಊರುವಾರು ತೆಗೆದು, ಅದೇ ಊರಿನ ಬಸ್ಸಿನ ಭರ್ತಿಯ ಪಕ್ಕ ಇಟ್ಟರೆ, ಗೋದಾಮು ಎಲ್ಲಿ ಬೇಕು, ಬಸ್ಸು ಯಾವ ಹೊತ್ತಿಗೆ ಬೇಕು ಎಂಬುದು ಕಾಣುತ್ತದೆ. ಎರಡೂ ಕಡತಗಳು ಹುಬ್ಬಳ್ಳಿಯಲ್ಲೇ ಇವೆ, ಒಂದು ಅಮರಗೋಳದಲ್ಲಿ, ಇನ್ನೊಂದು ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯಲ್ಲಿ. ಅವನ್ನು ಒಟ್ಟಿಗೆ ತೆರೆಯುವ ಅಧಿಕಾರವನ್ನು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಒಂದು ಸಮಿತಿಗೆ ಕೊಡಲು ಕಾನೂನಿನ ತಿದ್ದುಪಡಿ ಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು.