ಹೈದರಾಬಾದಿನ ಮಾಸ್ತರರು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೆ 1956ರವರೆಗೂ ರಾಜಧಾನಿ ಎಂದರೆ ಹೈದರಾಬಾದು. ಕೋರ್ಟು, ಕಾಲೇಜು, ದೊಡ್ಡ ದವಾಖಾನೆ, ಎಲ್ಲಕ್ಕೂ ಅಲ್ಲಿಗೇ ಓಡಬೇಕು. ನಮ್ಮಪ್ಪ ಅಲ್ಲಿಂದ ಬರುವಾಗ ಬಳೆಗಳ ಜೊತೆಗೆ ಒಂದು ಹೆಸರನ್ನೂ ತಂದಿದ್ದರು: ರಹೀಮ್ ಸಾಹೇಬರು. ಫುಟ್‌ಬಾಲೆಂದರೆ ನಮ್ಮವ್ವನಿಗೆ ಗಂಡಸರ ಗದ್ದಲ. ನನಗೂ ಆಟಕ್ಕಿಂತ ಆ ಮನುಷ್ಯನ ಮೇಲೆಯೇ ಹೆಚ್ಚು ಕುತೂಹಲ.

ಸೈಯದ್ ಅಬ್ದುಲ್ ರಹೀಮ್ 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರು. ವೃತ್ತಿಯಿಂದ ಶಾಲಾ ಮಾಸ್ತರರು. ಅವರು ಪಳಗಿಸಿದ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅವರ ಪಾಠದ ರೀತಿ ನೋಡಿ. ಬಲಗಾಲಿನ ಹುಡುಗರು ಎಡಗಾಲಿನಿಂದ ಮಾತ್ರ ಒದೆಯಬೇಕೆಂಬ ಪಂದ್ಯಗಳನ್ನು ಅವರು ಆಡಿಸುತ್ತಿದ್ದರು. ಚೆಂಡನ್ನು ತನ್ನೊಬ್ಬನ ಬಳಿಯೇ ಇಟ್ಟುಕೊಂಡು ಕುಣಿಯುವುದಕ್ಕೆ ಅಲ್ಲಿ ಅವಕಾಶವಿಲ್ಲ, ಪಕ್ಕದವನಿಗೆ ಕೊಡಬೇಕು. ಕೂಡುಕುಟುಂಬದಲ್ಲಿ ಬಾಳಿದ ನಮಗೆ ಈ ಪಾಠ ಬೇರೆ ಬೇಕಿಲ್ಲ ಬಿಡಿ!

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು ಸೋಲಿಸಿ ಭಾರತಕ್ಕೆ ಚಿನ್ನ ಬಂತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದ ಕೈಯಲ್ಲಿ ಹತ್ತು ಗೋಲು ತಿಂದದ್ದೂ ಅವರ ತಂಡವೇ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆಮೇಲೆ ಬೂಟು ಕಡ್ಡಾಯವಾಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವರ ಹುಡುಗರು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿದರು. ತವರು ಬಿಟ್ಟ ತಿಂಗಳಲ್ಲೇ ತವರಿನಿಂದ ಬಂದ ಸಿಹಿಸುದ್ದಿ ಅದು. ಕೊನೆಗೆ ನಾಲ್ಕನೆಯ ಸ್ಥಾನ ಸಿಕ್ಕಿತು.

1962ರಲ್ಲಿ ಜಕಾರ್ತಕ್ಕೆ ಹೊರಟಾಗ ಅವರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹಿಡಿದಿತ್ತು. ರೋಗಿಯನ್ನು ಪರದೇಶಕ್ಕೆ ಕಳಿಸಿ ಮನೆಯಲ್ಲಿ ಉಳಿದವರ ರಾತ್ರಿಗಳು ಹೇಗಿದ್ದವೆಂದು ನಾವು ಹೆಂಗಸರು ಊಹಿಸಬಲ್ಲೆವು. ಇಂಡೋನೇಷ್ಯ ಆ ಕ್ರೀಡೆಗಳಿಗೆ ಇಸ್ರೇಲ್, ತೈವಾನ್‌ಗಳನ್ನು ಬರಗೊಡಲಿಲ್ಲ. ಭಾರತದ ಜಿ.ಡಿ. ಸೋಂಧಿ ಅದನ್ನು ಆಕ್ಷೇಪಿಸಿದ್ದರಿಂದ ಊರಿಗೆ ಊರೇ ನಮ್ಮವರ ಮೇಲೆ ಕೆರಳಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದೆದುರು ಸೋಲು. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಏಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ಗೋಲಿ ತಂಗರಾಜ್‌ಗೆ ಜ್ವರ. ರಹೀಮ್ ಸಾಹೇಬರು ಜರ್ನೈಲರನ್ನು ಕೂರಿಸಲಿಲ್ಲ, ಮುಂದಿನ ಸಾಲಿಗೆ ತಂದು ಗೋಲು ಹೊಡೆಯಲು ಬಿಟ್ಟರು. ಇದು ಹುಚ್ಚು ಧೈರ್ಯವೆಂದೇ ನನಗನಿಸುತ್ತದೆ. ಫೈನಲ್ಲಿಗೆ ಮುಂಚೆ ಅವರು ಹುಡುಗರಲ್ಲಿ ಕೇಳಿದ್ದು ಒಂದೇ ಉಡುಗೊರೆ, ಚಿನ್ನ. ಸೆಪ್ಟೆಂಬರ್ 4ರಂದು, ಜನರ ಅಬ್ಬರದ ನಡುವೆ, ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಅದೇ ಕೊರಿಯ 2-1ರಿಂದ ಸೋತಿತು.

1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ಏಷ್ಯನ್ ಕ್ರೀಡೆಗಳ ಫುಟ್‌ಬಾಲಿನಲ್ಲಿ ಆಮೇಲೆ ನಮಗೆ ಬಂದದ್ದು 1970ರ ಕಂಚು. ಪತ್ರಿಕೆಗಳು ಕ್ರಿಕೆಟ್ಟಿನ ಹಿಂದೆ ಹೋದವು.

ಅವರ ಮಗ ಸೈಯದ್ ಶಾಹಿದ್ ಹಕೀಮ್ 1960ರ ರೋಮ್ ಒಲಿಂಪಿಕ್ ತಂಡದಲ್ಲಿದ್ದವರು. ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್, ಅಂತರರಾಷ್ಟ್ರೀಯ ರೆಫರಿ, ತಂದೆಯಂತೆ ಕೋಚ್. 2021ರ ಆಗಸ್ಟ್ 22ರಂದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲೇ ಅವರು ಕಣ್ಣು ಮುಚ್ಚಿದರು. ತಂದೆಯ ಕಥೆಯ ‘ಮೈದಾನ್’ ಸಿನಿಮಾ ತೆರೆಗೆ ಬಂದದ್ದು 2024ರಲ್ಲಿ.