ಕಾರಿಗಿಂತ ಮುಂಚೆ ಕಾಲಿನದಾಗಿದ್ದ ಬೀದಿ: ಚಾರ್ಮಿನಾರ್ ಮತ್ತು ಭಾನುವಾರದ ಸಂಜೆ

2021ರ ಅಕ್ಟೋಬರ್ 17, ಭಾನುವಾರ. ಹೈದರಾಬಾದಿನ ಚಾರ್ಮಿನಾರ್ ಸುತ್ತಲಿನ ರಸ್ತೆಗಳಿಗೆ ಆ ಸಂಜೆ ಕಾರು, ಬೈಕು, ಆಟೊಗಳನ್ನು ಬಿಡಲಿಲ್ಲ. 'ಏಕ್ ಶಾಮ್ ಚಾರ್ಮಿನಾರ್ ಕೆ ನಾಮ್' ಅಂತ ಹೆಸರಿಟ್ಟು, ಇಡೀ ಜಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಅದಕ್ಕೂ ಕೆಲವು ವಾರ ಮೊದಲು ಹುಸೇನ್ ಸಾಗರದ ಟ್ಯಾಂಕ್ ಬಂಡ್ ಮೇಲೆ ಇದೇ ರೀತಿ ಭಾನುವಾರದ ಸಂಜೆಗಳು ಶುರುವಾಗಿದ್ದವು. ಆದರೆ ಟ್ಯಾಂಕ್ ಬಂಡ್ ಕೆರೆಯ ಏರಿ. ಅಲ್ಲಿ ಜನ ಗಾಳಿ ತಿನ್ನೋಕೆ ಬರ್ತಾರೆ. ಚಾರ್ಮಿನಾರ್ ಹಾಗಲ್ಲ. ಅದು ಬಜಾರು. ಅಲ್ಲಿ ಬಳೆ ಮಾರುವವರಿದ್ದಾರೆ, ಮುತ್ತು, ಅತ್ತರು, ಬಟ್ಟೆ, ಹಣ್ಣು ಮಾರುವವರಿದ್ದಾರೆ. ಅಲ್ಲೇ ಮನೆ ಮಾಡಿಕೊಂಡು ಬದುಕುವವರೂ ಇದ್ದಾರೆ.

ಇಂಥ ಬೀದಿಯನ್ನು ವಾರಕ್ಕೊಂದು ದಿನ ಕಾರಿಗೆ ಮುಚ್ಚಬೇಕು ಅಂದ ತಕ್ಷಣ ಎರಡು ಮಾತು ಕೇಳಿ ಬರುತ್ತವೆ. ಇದು ವಿದೇಶದ ಫ್ಯಾಷನ್, ನಮ್ಮೂರಿಗೆ ಆಗಿಬರೋದಿಲ್ಲ ಅನ್ನೋದು ಒಂದು. ವ್ಯಾಪಾರ ಕೆಡುತ್ತೆ, ಬಡವನ ಹೊಟ್ಟೆ ಮೇಲೆ ಹೊಡೆದಂತೆ ಅನ್ನೋದು ಇನ್ನೊಂದು. ಮೊದಲನೆಯ ಮಾತಿಗೆ ಇತಿಹಾಸದಲ್ಲಿ ಸ್ಪಷ್ಟ ಉತ್ತರವಿದೆ. ಎರಡನೆಯದನ್ನು ಅಷ್ಟು ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ. ಎರಡನ್ನೂ ಒಂದೊಂದಾಗಿ ನೋಡೋಣ ಬನ್ನಿ.

ಬೀದಿಯನ್ನು ಕಟ್ಟಿದ್ದು ಯಾರಿಗಾಗಿ?

ಚಾರ್ಮಿನಾರ್ ಕಟ್ಟಿದ್ದು 1591ರಲ್ಲಿ, ಕುತುಬ್‌ಶಾಹಿ ವಂಶದ ಐದನೆಯ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಶಾಹ್ ಕಾಲದಲ್ಲಿ. ಈ ವಂಶದ ಬೇರು ನಮ್ಮ ಕಡೆಗೂ ಬರುತ್ತೆ. ಕಲಬುರಗಿಯಲ್ಲಿ ಶುರುವಾಗಿ ಬೀದರಿಗೆ ಹೋದ ಬಹಮನಿ ರಾಜ್ಯದ ಕೈಕೆಳಗೆ ತೆಲಂಗಾಣವನ್ನು ನೋಡಿಕೊಳ್ಳುತ್ತಿದ್ದ ಸುಲ್ತಾನ್ ಕುಲಿಯೇ ಕುತುಬ್‌ಶಾಹಿಗಳ ಮೂಲಪುರುಷ. ಬಹಮನಿಗಳಿಗೂ ಬಜಾರಿನ ರುಚಿ ಗೊತ್ತಿತ್ತು. ಕಲಬುರಗಿಯ ಹಳೆಯ ಬಜಾರಿನ ಎರಡೂ ಬದಿಗೆ 61 ಕಮಾನುಗಳ ಸಾಲಿದ್ದದ್ದನ್ನು ಹಳೆಯ ಗೆಜೆಟಿಯರುಗಳು ದಾಖಲಿಸಿವೆ.

ಗೋಲ್ಕೊಂಡ ಕೋಟೆಯೊಳಗೆ ಜನ ಹೆಚ್ಚಾಗಿ, ಮೂಸಿ ನದಿಯ ಆಚೆ ದಡದಲ್ಲಿ ಹೊಸ ಊರು ಕಟ್ಟುವಾಗ ಕುಲಿ ಕುತುಬ್ ಶಾಹನ ಕಾಲದವರು ಮಧ್ಯದಲ್ಲಿ ಅರಮನೆ ಇಡಲಿಲ್ಲ. ನಾಲ್ಕು ದಾರಿ ಕೂಡುವ ಜಾಗವನ್ನೇ ಊರಿನ ಎದೆಯಾಗಿ ಮಾಡಿದರು. ಆ ಜಾಗದಲ್ಲಿ ಚಾರ್ಮಿನಾರ್. ಅದರ ನಾಲ್ಕೂ ಮುಖದಲ್ಲಿ ದೊಡ್ಡ ಕಮಾನು, ಒಂದೊಂದು ಕಮಾನಿನ ಎದುರಿಗೆ ಒಂದೊಂದು ದಾರಿ. ಸ್ವಲ್ಪ ಉತ್ತರಕ್ಕೆ ನಡೆದರೆ ಗುಲ್ಜಾರ್ ಹೌಜ್ ಅನ್ನುವ ಕಾರಂಜಿ, ಅದರ ನಾಲ್ಕು ದಿಕ್ಕಿಗೆ ಚಾರ್ ಕಮಾನ್. ನೆರಳು, ನೀರು, ಕಮಾನು, ಅಂಗಡಿ. ಈ ನಾಲ್ಕೂ ಬೇಕಾಗಿದ್ದದ್ದು ನಡೆದು ಬರುವವನಿಗೆ. ಆನೆ, ಕುದುರೆ, ಪಲ್ಲಕ್ಕಿ, ಎತ್ತಿನ ಬಂಡಿ ಇರಲಿಲ್ಲ ಅಂತಲ್ಲ. ಆದರೆ ಅವುಗಳ ವೇಗ ಮನುಷ್ಯನ ನಡಿಗೆಯ ವೇಗಕ್ಕೆ ಹತ್ತಿರವಿತ್ತು.

ಉರ್ದು, ಕನ್ನಡ ಎರಡರಲ್ಲೂ ಪಾಠ ಮಾಡುವ ನನಗೆ ಇಲ್ಲಿ ಒಂದು ಮಾತು ಹೇಳಲೇಬೇಕು ಅನಿಸುತ್ತೆ. ಬಾಜಾರ್, ಚೌಕ್, ಕಮಾನ್, ಗಂಜ್ ಈ ನಾಲ್ಕೂ ಪದ ಕನ್ನಡಕ್ಕೆ ಬಂದು ಬಜಾರು, ಚೌಕ, ಕಮಾನು, ಗಂಜು ಆಗಿ ಉಳಿದಿವೆ. ಕಲಬುರಗಿ, ರಾಯಚೂರಿನ ರೈತರು ಇವತ್ತಿಗೂ ಕಾಳು ಮಾರೋಕೆ 'ಗಂಜಿಗೆ' ಹೋಗ್ತಾರೆ. ಈ ಪದಗಳಲ್ಲಿ ಯಾವುದೂ ಬರೀ 'ಹಾದು ಹೋಗುವ ದಾರಿ' ಅನ್ನುವ ಅರ್ಥದ್ದಲ್ಲ. ಎಲ್ಲವೂ ನಿಲ್ಲುವ, ಕೂಡುವ, ಕೊಳ್ಳುವ ಜಾಗದ ಹೆಸರುಗಳು.

ಬಳೆ ಕೊಳ್ಳಲು ಕೈ ಬೇಕು

ಚಾರ್ಮಿನಾರಿನಿಂದ ಪಶ್ಚಿಮಕ್ಕೆ ಹೋಗುವ ಲಾಡ್ ಬಾಜಾರ್ ನೋಡಿ. ಅಲ್ಲಿನ ಅರಗಿನ ಬಳೆಯ ಕೆಲಸ ಹೀಗೆ: ಅರಗನ್ನು ಕೆಂಡದ ಮೇಲೆ ಮೆದು ಮಾಡಿ, ಉದ್ದಕ್ಕೆ ಹೊಸೆದು, ಬಣ್ಣ ಕೊಟ್ಟು, ಸುತ್ತಿ ಬಳೆ ಮಾಡ್ತಾರೆ. ಇನ್ನೂ ಬಿಸಿ ಇರುವಾಗಲೇ ಒಂದೊಂದು ಚಿಕ್ಕ ಹರಳನ್ನು ಕೈಯಿಂದ ಕೂರಿಸ್ತಾರೆ. ಹೈದರಾಬಾದಿನ ಈ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

ಈ ಬಳೆಯನ್ನು ಕಾರಿನ ಕಿಟಕಿಯಿಂದ ಕೊಳ್ಳೋಕೆ ಆಗುತ್ತಾ? ನಿಲ್ಲಬೇಕು, ಕೈ ಚಾಚಬೇಕು, ಅಳತೆ ನೋಡಬೇಕು, ಸೀರೆಯ ತುಂಡು ತೆಗೆದು ಬಣ್ಣ ಹೊಂದಿಸಬೇಕು, ಚೌಕಾಸಿ ಮಾಡಬೇಕು, ಮುಂದಿನ ಅಂಗಡಿಗೆ ಹೋಗಿ ಮತ್ತೆ ಇಲ್ಲಿಗೇ ಬರಬೇಕು. ಇದು ನಡೆಯುವವರ ವ್ಯಾಪಾರ. ಅಂಗಡಿಯ ಮುಂದೆ ನಿಂತ ಕಾರು ಒಬ್ಬ ಗಿರಾಕಿಯನ್ನು ತಂದಿರಬಹುದು. ಆದರೆ ಅದು ನಿಂತ ಜಾಗದಲ್ಲಿ ಎಷ್ಟು ಜನ ಹೆಂಗಸರು ನಿಂತು ಬಳೆ ನೋಡಬಹುದಿತ್ತು, ನೀವೇ ಲೆಕ್ಕ ಹಾಕಿ.

ಮೋಟಾರು ಬಂದದ್ದು ಯಾವಾಗ?

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನ ಸತ್ತರು. ಊರನ್ನು ಮತ್ತೆ ಇಂಥ ಪ್ರವಾಹದಿಂದ ಕಾಪಾಡುವ ಯೋಜನೆ ಮಾಡೋಕೆ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಅದರ ಫಲ. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಮಂಡಳಿ ಕಿಕ್ಕಿರಿದ ವಸತಿಗಳನ್ನು ತೆರವು ಮಾಡಿತು, ಹೊಸ ಮನೆಗಳನ್ನು ಕಟ್ಟಿತು, ರಸ್ತೆ ಅಗಲ ಮಾಡಿತು. ಮದೀನಾ ಕಡೆಯಿಂದ ಚಾರ್ಮಿನಾರಿಗೆ ಬರುವ ಪತ್ಥರ್‌ಗಟ್ಟಿಯ ಕಲ್ಲಿನ ಕಮಾನು ಅಂಗಡಿಗಳ ಸಾಲು ಆ ಕಾಲದ್ದು. ಅದು ಆಗಿನ ಹೊಸ ಕಾಲದ ರಸ್ತೆ, ನಿಜ. ಆದರೂ ಎರಡೂ ಬದಿಗೆ ಕಲ್ಲಿನ ಕಮಾನಿನ ನೆರಳು ಇಟ್ಟರು. ನಡೆಯುವವನನ್ನು ಮರೆಯಲಿಲ್ಲ.

1932ರಲ್ಲಿ ನಿಜಾಮ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಶುರುವಾಯಿತು. ಸ್ವಂತ ಕಾರು, ಸ್ಕೂಟರು ಸಾಮಾನ್ಯ ಮನೆಗಳಿಗೆ ಬಂದದ್ದು ಅದಕ್ಕೂ ಎಷ್ಟೋ ದಶಕಗಳ ನಂತರ. ಅಂದರೆ ನಾಲ್ಕು ನೂರು ವರ್ಷ ದಾಟಿದ ಈ ಬೀದಿಯ ಆಯುಷ್ಯದಲ್ಲಿ ಮೋಟಾರಿನ ಪಾಲು ಕಾಲು ಭಾಗವೂ ಇಲ್ಲ. ಹೊಸಬ ಯಾರು, ಹಳಬ ಯಾರು, ನೀವೇ ಹೇಳಿ.

ಆ ಕಾಲು ಭಾಗದಲ್ಲಿ ಆದ ಹಾನಿ ಮಾತ್ರ ಸಣ್ಣದಲ್ಲ. ದಶಕಗಟ್ಟಲೆ ಬಸ್ಸು, ಲಾರಿಗಳು ಚಾರ್ಮಿನಾರನ್ನೇ ಸರ್ಕಲ್ ಮಾಡಿಕೊಂಡು ಸುತ್ತಿದವು. ಹೊಗೆ ಕೂತು ಗಾರೆ ಕಪ್ಪಾಯಿತು. 2019ರ ಮೇ ತಿಂಗಳಲ್ಲಿ ಒಂದು ಮಿನಾರಿನ ಗಾರೆಯ ಅಲಂಕಾರದ ತುಂಡು ಕಳಚಿ ಬಿತ್ತು. ಮಳೆ ನೀರೋ, ವಯಸ್ಸೋ, ಸುತ್ತಲಿನ ಕಂಪನವೋ ಅಂತ ಚರ್ಚೆ ನಡೆಯಿತು. ಕಟ್ಟಡದ ಸುತ್ತ ಕಲ್ಲು ಹಾಸಿ ನಡೆಯುವವರಿಗೆ ಬಿಡುವ ಯೋಜನೆಯಂತೂ ವರ್ಷಗಟ್ಟಲೆ ಕುಂಟುತ್ತಾ ಸಾಗಿತು.

ಮುಚ್ಚುವುದು ಹೊಸದೇನಲ್ಲ

ಇನ್ನೊಂದು ವಿಷಯ ಗಮನಿಸಿ. ಈ ಬೀದಿ ಪ್ರತಿ ವರ್ಷ ಕಾರಿಗೆ ಮುಚ್ಚುತ್ತಲೇ ಬಂದಿದೆ. ರಮಜಾನಿನ ಕೊನೆಯ ಜುಮ್ಮಾ ದಿನ ಮಕ್ಕಾ ಮಸೀದಿಯ ಸಾಲುಗಳು ರಸ್ತೆಗೂ ಬರುವಾಗ ಪೊಲೀಸರು ವಾಹನಗಳನ್ನು ಬೇರೆ ದಾರಿಗೆ ತಿರುಗಿಸ್ತಾರೆ. ಈದ್ ಹತ್ತಿರವಾದ ಹಾಗೆ ರಾತ್ರಿಯ ಖರೀದಿಯ ಜನ ರಸ್ತೆ ತುಂಬಿಕೊಂಡು, ಕಾರು ತಾನಾಗಿಯೇ ಹಿಂದೆ ಸರಿಯುತ್ತೆ. ಮೊಹರ್ರಮಿನ ಹತ್ತನೆಯ ದಿನ ಬೀಬಿ ಕಾ ಆಲಂ ಮೆರವಣಿಗೆ ಈ ದಾರಿಯಲ್ಲಿ ಹೋಗುತ್ತೆ. ಗಣೇಶ ವಿಸರ್ಜನೆಯ ಮೆರವಣಿಗೆಯೂ ಚಾರ್ಮಿನಾರಿನ ಮುಂದೆಯೇ ಹಾದು ಹೋಗುತ್ತೆ. ಆ ದಿನಗಳಲ್ಲಿ ಊರು ನಿಂತು ಹೋಗಿಲ್ಲ, ವ್ಯಾಪಾರವೂ ಮುಳುಗಿಲ್ಲ. ರಮಜಾನಿನಲ್ಲಿ ಕಾರು ಅತಿ ಕಡಿಮೆ ನುಗ್ಗುವ ರಾತ್ರಿಗಳೇ ಲಾಡ್ ಬಾಜಾರಿನ ಅತಿ ದೊಡ್ಡ ವ್ಯಾಪಾರದ ರಾತ್ರಿಗಳು. ಭಾನುವಾರದ ಸಂಜೆ ಹೊಸದಾಗಿ ಕೊಟ್ಟದ್ದು ಇಷ್ಟೇ: ಹಬ್ಬವಿಲ್ಲದ, ಯಾವ ಒಂದು ಧರ್ಮದ್ದೂ ಅಲ್ಲದ ಒಂದು ಬಿಡುವು.

ಹಾಗಾಗಿ 'ವಿದೇಶದ ಫ್ಯಾಷನ್' ಅನ್ನೋ ಮಾತು ಇಲ್ಲಿಗೆ ಮುಗಿಯಿತು. ವಿದೇಶದಲ್ಲೂ ಇದು ಸಲೀಸಾಗಿ ಆದದ್ದಲ್ಲ. ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಯನ್ನು 1962ರಲ್ಲಿ ಕಾರಿಗೆ ಮುಚ್ಚಿದಾಗ ಅಂಗಡಿಯವರೇ ಜೋರಾಗಿ ವಿರೋಧಿಸಿದ್ದರು. ಟೋಕಿಯೊದ ಗಿಂಜಾ 1970ರ ಆಗಸ್ಟಿನಿಂದ ರಜಾದಿನಗಳಲ್ಲಿ ನಡೆಯುವವರದಾಯಿತು, ಇವತ್ತಿಗೂ ವಾರಾಂತ್ಯದ ಮಧ್ಯಾಹ್ನ ಹಾಗೇ ಇದೆ. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟ್ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನಗಳಿಗೆ ಮುಚ್ಚಿತ್ತು. ಪುಣೆಯ ಲಕ್ಷ್ಮೀ ರಸ್ತೆಯ ಒಂದು ಭಾಗವನ್ನು 2021ರ ಡಿಸೆಂಬರ್ 11ರಂದು ಪಾದಚಾರಿ ದಿನಕ್ಕಾಗಿ ಮುಚ್ಚಿದರು. ದೆಹಲಿಯ ಚಾಂದನಿ ಚೌಕಿನಲ್ಲಿ 2021ರಿಂದ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಕ್ಕೆ ತಡೆ ಹಾಕಿದರು. ಷಾಹಜಹಾನನ ಮಗಳು ಜಹಾನಾರಾ ಬೇಗಂ 1650ರ ಸುಮಾರಿಗೆ ರೂಪಿಸಿದ ಬಜಾರು ಅದು. ಆಗ ಅದರ ನಡುವೆ ಕಾಲುವೆ ಹರಿಯುತ್ತಿತ್ತು.

ಹೊಟ್ಟೆಯ ಪ್ರಶ್ನೆ

ಇನ್ನು ಎರಡನೆಯ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸೋಣ.

ದೆಹಲಿಯದೇ ಇನ್ನೊಂದು ಕಥೆ ಕೇಳಿ. ದರಿಯಾಗಂಜಿನ ಫುಟ್‌ಪಾತಿನಲ್ಲಿ ದಶಕಗಳಿಂದ ಪ್ರತಿ ಭಾನುವಾರ ಹಳೆಯ ಪುಸ್ತಕಗಳ ಸಂತೆ ನಡೆಯುತ್ತಿತ್ತು. ಅಂಗಡಿಗಳಿಗೆ ರಜೆ ಇರುವ ದಿನ ಬಡ ವಿದ್ಯಾರ್ಥಿಗೆ ಅಲ್ಲಿ ಪುಸ್ತಕ ಸಿಗುತ್ತಿತ್ತು. ಹೈದರಾಬಾದಿನ ಆಬಿಡ್ಸಿನಲ್ಲಿ ಭಾನುವಾರ ನಡೆಯುತ್ತಲ್ಲ, ಹಾಗೇ. ಆದರೆ 2019ರಲ್ಲಿ, ವಾಹನ ಸಂಚಾರಕ್ಕೆ ತೊಂದರೆ ಅನ್ನುವ ಕಾರಣಕ್ಕೆ, ಹೈಕೋರ್ಟಿನ ಆದೇಶದ ಮೇಲೆ ಅದನ್ನು ಅಲ್ಲಿಂದ ಎಬ್ಬಿಸಿದರು. ಪುಸ್ತಕದವರು ಕೆಲವು ವಾರ ವ್ಯಾಪಾರವಿಲ್ಲದೆ ಕೂತು, ಕೊನೆಗೆ ಮಹಿಳಾ ಹಾಟಿನ ಒಳಗೆ ಜಾಗ ಪಡೆದರು. ಅಲ್ಲಿ ಕಾರಿಗಾಗಿ ಬಡ ವ್ಯಾಪಾರಿಯನ್ನು ಎಬ್ಬಿಸಿದರು. ಇನ್ನೊಂದು ಕಡೆ 'ಸುಂದರ ನಡೆದಾಡುವ ಬೀದಿ' ಅಂತ ಹೇಳಿ ಅವನನ್ನೇ ಎಬ್ಬಿಸಬಹುದು. ಕಾರಣ ಬೇರೆ, ಏಳಬೇಕಾದವನು ಅವನೇ. ಚಾರ್ಮಿನಾರಿನ ಸುತ್ತಲಿನ ತಳ್ಳುಗಾಡಿಯವರ ಭಯ ಇದೇ, ಆ ಭಯ ಸುಳ್ಳಲ್ಲ. 1912ರ ಸುಧಾರಣೆಯಿಂದ ಹಿಡಿದು ಇವತ್ತಿನವರೆಗೆ ಊರು ಚೆಂದವಾದಾಗಲೆಲ್ಲ ಗಂಟುಮೂಟೆ ಕಟ್ಟಿದವರು ಬಡವರೇ.

ಆದರೆ ಈಗ ಒಂದು ಕಾನೂನಿದೆ, ಇದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದ ವ್ಯಾಪಾರಿಯನ್ನು ಎಬ್ಬಿಸುವ ಹಾಗಿಲ್ಲ. ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಐವತ್ತು ವರ್ಷಕ್ಕಿಂತ ಹಳೆಯದಾದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಿ, ಅಲ್ಲಿನವರನ್ನು ಸ್ಥಳಾಂತರಿಸಬಾರದು ಅಂತಲೂ ಅದರಲ್ಲಿದೆ. ಚಾರ್ಮಿನಾರಿನಂಥ ಜಾಗಕ್ಕೆ ಈ ಮಾತು ಎಷ್ಟು ಮುಖ್ಯ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವ್ಯಾಪಾರಿಗಳ ಜೊತೆಗೆ ಅಲ್ಲಿ ಬದುಕುವವರನ್ನೂ ಕೇಳಬೇಕು. ಚಾರ್ಮಿನಾರಿನ ಪಕ್ಕದಲ್ಲೇ ಸರ್ಕಾರಿ ನಿಜಾಮಿಯಾ ಯುನಾನಿ ಆಸ್ಪತ್ರೆ ಇದೆ. ಭಾನುವಾರ ಸಂಜೆ ಅಲ್ಲಿಗೆ ನಡೆಯಲಾರದ ಅಜ್ಜಿಯನ್ನು ಕರೆದುಕೊಂಡು ಬರುವವರು ಏನು ಮಾಡಬೇಕು? ಆಟೊ ಓಡಿಸುವವನ ಆ ಸಂಜೆಯ ಸಂಪಾದನೆ ಎಲ್ಲಿಂದ ಬರಬೇಕು? ಒಳಗಿನ ಗಲ್ಲಿಗಳಿಗೆ ತಿರುಗಿಸಿದ ವಾಹನಗಳ ಹೊಗೆಯನ್ನು ಯಾರು ಕುಡಿಯಬೇಕು? ಈ ಪ್ರಶ್ನೆಗಳು ಯೋಜನೆಯನ್ನು ನಿಲ್ಲಿಸೋಕೆ ಅಲ್ಲ, ಸರಿ ಮಾಡೋಕೆ. ಆಂಬುಲೆನ್ಸಿಗೆ ಒಂದು ದಾರಿ, ನಡೆಯಲಾರದವರಿಗೆ ಸಣ್ಣ ಗಾಡಿ, ಬಸ್ಸು ಮೆಟ್ರೊದಿಂದ ಬೀದಿಯವರೆಗೆ ಸುಲಭದ ಸಂಪರ್ಕ, ತಳ್ಳುಗಾಡಿಗೆ ಗುರುತಿಸಿದ ಜಾಗ. ಇವು ಇದ್ದರೆ ಭಾನುವಾರದ ಸಂಜೆ ಆ ಊರಿನವರಿಗೂ ಸಿಗುತ್ತೆ. ಇಲ್ಲದಿದ್ದರೆ ಅದು ಬೇರೆ ಬಡಾವಣೆಯಿಂದ ಕಾರಿನಲ್ಲಿ ಬಂದು, ದೂರದಲ್ಲಿ ಕಾರು ನಿಲ್ಲಿಸಿ, ಫೋಟೊ ತೆಗೆದುಕೊಂಡು ಹೋಗುವವರ ಸಂಜೆ ಮಾತ್ರ ಆಗುತ್ತೆ.

ಈ ಲೇಖನ ಓದುತ್ತಿರುವ ನೀವು ಮುಂಬೈಯಲ್ಲಿರಬಹುದು, ಚೆನ್ನೈ, ಪುಣೆ, ದೆಹಲಿಯಲ್ಲಿರಬಹುದು. ನಿಮ್ಮೂರಲ್ಲೂ ಇಂಥ ಒಂದು ಬೀದಿ ಇದ್ದೇ ಇರುತ್ತೆ. ಶಾಲೆಯ ಮಕ್ಕಳಿಗೆ, ಕಾಲೇಜಿನವರಿಗೆ ಒಂದು ಸಣ್ಣ ಕೆಲಸ ಹೇಳ್ತೀನಿ. ಒಂದು ಭಾನುವಾರ ಆ ಬೀದಿಯ ಮೂಲೆಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಎಷ್ಟು ಜನ ನಡೆದು ಬಂದರು, ಎಷ್ಟು ಕಾರು ಬಂದವು, ಒಂದೊಂದು ಕಾರಿನಲ್ಲಿ ಎಷ್ಟು ಜನ ಇದ್ದರು, ಬರೆದುಕೊಳ್ಳಿ. ಆಮೇಲೆ ಅಲ್ಲಿನ ಅತಿ ಹಳೆಯ ಅಂಗಡಿಯವರನ್ನೂ ತಳ್ಳುಗಾಡಿಯವರನ್ನೂ ಎರಡು ಪ್ರಶ್ನೆ ಕೇಳಿ: ನಿಮ್ಮ ಅಪ್ಪನ ಕಾಲದಲ್ಲಿ ಇಲ್ಲಿ ಏನು ಓಡಾಡ್ತಿತ್ತು? ವಾರಕ್ಕೊಂದು ಸಂಜೆ ಕಾರು ಬರದಿದ್ದರೆ ನಿಮಗೇನು ಬೇಕಾಗುತ್ತೆ? ಉತ್ತರಗಳನ್ನು ಉರ್ದುವಿನಲ್ಲೋ ಕನ್ನಡದಲ್ಲೋ, ನಿಮಗೆ ಬಂದ ಭಾಷೆಯಲ್ಲಿ ಬರೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ಬೀದಿಯ ಬಗ್ಗೆ ತೀರ್ಮಾನ ಮಾಡುವವರು ಮುಂದೆ ಕೇಳಿದಾಗ ತೋರಿಸೋಕೆ ನಿಮ್ಮ ಹತ್ತಿರ ಏನಾದರೂ ಇರುತ್ತೆ. ಅವರು ಕೇಳದಿದ್ದರೆ, ನೀವೇ ತೆಗೆದುಕೊಂಡು ಹೋಗಿ ಕೊಡಿ.